ಸೆಲ್ ಇಳಿದ ಟೇಪಿನ ಹಾಗೆ

ಮೊದಲ ಸಲ ಮನೆಯಲ್ಲಿ ವಿಂಟರ್ ಅನ್ನೋ ಬ್ಯಾಂಡಿನ ‘ಇಂಟು ಡಾರ್ಕ್‌ನೆಸ್’ ಹಚ್ಚಿದಾಗ ಅಪ್ಪ ಹೊರಗೆ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದರು. ಎರಡು ನಿಮಿಷ ಸುಮ್ಮನಿದ್ದು ಆಮೇಲೆ ಕೂಗಿದರು, “ಸೆಲ್ ಇಳದಾವೇನು ನೋಡೋ, ಟೇಪ್ ಎಳ್ಯಾಕತ್ತೈತಿ.” ಹಾಡು ಬರುತ್ತಿದ್ದದ್ದು ಕಂಪ್ಯೂಟರಿನಿಂದ, ಅದಕ್ಕೆಲ್ಲಿಯ ಸೆಲ್ಲು. ಆದರೂ ಈ ಡೂಮ್ ಮೆಟಲ್ ಅನ್ನೋ ಗಿಟಾರ್-ಡ್ರಮ್ಮಿನ ಭಾರದ ಸಂಗೀತ ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಅಪ್ಪನ ಮಾತನ್ನೇ ಹೇಳೋದು. ಸೆಲ್ ಇಳಿದ ಟೇಪ್ ರೆಕಾರ್ಡರಿನಲ್ಲಿ ಹಾಡು ನಿಧಾನ ಆಗ್ತಾ, ದನಿ ದಪ್ಪ ಆಗ್ತಾ, ಕೆಳಗೆ ಕೆಳಗೆ ಇಳೀತಿತ್ತಲ್ಲ, ಹಾಗೆ. ಇವರು ಅದನ್ನ ಬೇಕಂತಲೇ ಮಾಡುತ್ತಾರೆ, ಅಷ್ಟೇ ಫರಕು.

ನಾನು ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಶೀಟ್ ಮೆಟಲ್ ಕೆಲಸದವನು. ಕರೆಂಟಿನ ಪ್ಯಾನೆಲ್ ಬಾಕ್ಸ್ ಮಾಡುತ್ತೇವೆ. ಗಿಟಾರ್ ಬಾರಿಸೋಕೆ ಬರಲ್ಲ, ಬರೀ ಕೇಳುವವನು. ಆದರೆ ಈ ಸಂಗೀತವನ್ನ ಕೇಳೋದನ್ನೂ ಕಲೀಬೇಕಾಯ್ತು, ಅದಕ್ಕೆ ಹತ್ತಿರ ಹತ್ತಿರ ಮೂರು ವರ್ಷ ಹಿಡೀತು. ಅದರಲ್ಲಿ ಎರಡು ವರ್ಷ ನನ್ನದೇ ತಪ್ಪಿನಿಂದ ಹೋಯ್ತು.

ಧಾರವಾಡದಲ್ಲಿ ಓದುವಾಗ ಹಾಸ್ಟೆಲ್ಲಿನ ಸೀನಿಯರ್ ಒಬ್ಬ ಒಂದು ಪೆನ್ ಡ್ರೈವ್ ತುಂಬ ಮೆಟಲ್ ಕೊಟ್ಟಿದ್ದ. ನಾನು ಬರೀ ಜೋರಾಗಿ ಓಡೋ ಹಾಡು ಆರಿಸಿಕೊಂಡು ಕೇಳುತ್ತಿದ್ದೆ. ನಿಧಾನದ್ದು ಬಂದರೆ ಮುಂದಕ್ಕೆ ತಳ್ಳೋದು. ಕೇಳುತ್ತಿದ್ದದ್ದು ಮೊಬೈಲಿನ ಸ್ಪೀಕರಿನಲ್ಲಿ, ಇಲ್ಲಾ ಬಸ್ ಸ್ಟ್ಯಾಂಡಿನಲ್ಲಿ ತಗೊಂಡ 150 ರೂಪಾಯಿ ಇಯರ್‌ಫೋನಿನಲ್ಲಿ. ಅಲ್ಲೇ ಎಡವಟ್ಟಾಗಿದ್ದು. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 82 ಸಲ ನಡುಗುತ್ತೆ, ಬೇಸ್ ಗಿಟಾರಿನದು 41. ಈ ಬ್ಯಾಂಡುಗಳು ತಂತಿಯನ್ನ ಅದಕ್ಕಿಂತಲೂ ಕೆಳಗೆ ಸಡಿಲ ಮಾಡಿಕೊಳ್ಳುತ್ತಾರೆ. ಮೊಬೈಲ್ ಸ್ಪೀಕರ್ 200–300 ಹರ್ಟ್ಸಿಗಿಂತ ಕೆಳಗೆ ಬಾಯಿಯೇ ಬಿಡಲ್ಲ. ಹಾಗಾದ್ರೆ ನಾನು ಕೇಳಿದ್ದು ಏನು? ಮೇಲಿನ ಕರಕರ ಮಾತ್ರ. ಸಾರಿನ ಮೇಲೆ ತೇಲೋ ಒಗ್ಗರಣೆಯ ಎಣ್ಣೆ ನೆಕ್ಕಿ ಸಾರು ಚಲೋ ಇಲ್ಲ ಅಂದಂಗೆ.

ನನ್ನನ್ನ ನಿಲ್ಲಿಸಿ ಕೇಳಿಸಿದ್ದು ಕೊನೆಗೂ ಹಾಡಲ್ಲ, ಒಂದು ಮಷಿನ್. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನ ಪವರ್ ಪ್ರೆಸ್ ಹತ್ತಿರ ನಿಲ್ಲಿಸಿದ್ದರು. ತಗಡು ಒಳಗೆ ಇಡಬೇಕು, ಕೈ ತೆಗೀಬೇಕು, ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಬೇಕು, ಆಗ ಮಾತ್ರ ರ‍್ಯಾಮ್ ಕೆಳಗೆ ಬರುತ್ತೆ. ಹಳೇ ಮಷಿನ್‌ಗಳಿಗೆ ಈ ಎರಡು ಬಟನ್ ಇರಲಿಲ್ಲ, ಕಾಲಲ್ಲಿ ಪೆಡಲ್ ಅಷ್ಟೇ. ನನಗೆ ಕೆಲಸ ಕಲಿಸಿದ ಹಿರಿಯರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿಗೇ ಮುಗಿದಿತ್ತು. ಚಹಾ ಗ್ಲಾಸ್ ಹಿಡಿದಾಗ ಆ ಬೆರಳು ಗ್ಲಾಸಿಗೆ ತಾಕದೆ ಗಾಳಿಯಲ್ಲೇ ನಿಲ್ಲುತ್ತಿತ್ತು. “ಇದರ ಮುಂದ ನಿಂತಾಗ ಮನಿ ಚಿಂತಿ ಮಾಡಬ್ಯಾಡ ತಮ್ಮಾ” ಅಂತ ಒಂದೇ ಮಾತು ಹೇಳಿದ್ದರು.

ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಕಥೆ ನನಗೆ ಗೊತ್ತಾದದ್ದೂ ಅದೇ ಹೊತ್ತಿನಲ್ಲಿ. ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಫ್ಯಾಕ್ಟರಿ. ವಯಸ್ಸು 17. ಅವತ್ತು ಅವನ ಕೆಲಸದ ಕೊನೇ ದಿನ. ಪ್ರೆಸ್ಸಿನಲ್ಲಿ ಬಲಗೈಯ ನಡುಬೆರಳು, ಉಂಗುರದ ಬೆರಳು, ಎರಡರದ್ದೂ ತುದಿ ಹೋಯ್ತು. ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈಯೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ತೊಗಲು ಅಂಟಿಸಿದ, ತೆಳ್ಳನೆ ತಂತಿ ಹಾಕಿಕೊಂಡ. 1970ರಲ್ಲಿ ಮೊದಲ ಆಲ್ಬಂ ಬಂತು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಕೆಲವು ಹಾಡಿಗೆ ತಂತಿಯನ್ನ ಇನ್ನೂ ಸಡಿಲ ಮಾಡಿದ್ದ. ಪೇಟಿ (ಹಾರ್ಮೋನಿಯಂ) ಹಿಡಿಯೋರ ಲೆಕ್ಕದಲ್ಲಿ ಹೇಳಬೇಕಂದ್ರೆ ಬಿಳಿ ಮೂರರಿಂದ ಕರಿ ಒಂದಕ್ಕೆ. ಸಡಿಲ ತಂತಿ ಗಾಯದ ಬೆರಳಿಗೆ ಹಗುರ, ಕಿವಿಗೆ ಭಾರ. ಡೂಮ್, ಅದಕ್ಕೆ ಪಂಕ್ ಬೆರೆತ ಸ್ಲಜ್, ಎಲ್ಲ ಆ ಭಾರದ ಮೇಲೇ ನಿಂತಿರೋದು. ಇದನ್ನ ಓದಿದ ರಾತ್ರಿ ಆ ಆಲ್ಬಮ್ಮನ್ನ ಮೊದಲಿಂದ ಕೊನೇ ತನಕ ಕೇಳಿದೆ, ಒಂದನ್ನೂ ಮುಂದಕ್ಕೆ ತಳ್ಳಲಿಲ್ಲ.

ಆಮೇಲೆ ಸಾಮಾನು ಸರಿ ಮಾಡಿಕೊಂಡೆ. ಹಳೇ ಹುಬ್ಬಳ್ಳಿಯಲ್ಲಿ ಮದುವೆ ಮನೆಗಳಿಗೆ ಸೌಂಡ್ ಬಾಡಿಗೆ ಕೊಡುತ್ತಿದ್ದವರೊಬ್ಬರು ಅಂಗಡಿ ಮುಚ್ಚುತ್ತಿದ್ದರು. ಅವರ ಮನೆಯಲ್ಲಿದ್ದ ಹಳೇ ಆಂಪ್ಲಿಫೈಯರ್, 10 ಇಂಚಿನ ವೂಫರ್ ಇರೋ ಎರಡು ಸ್ಪೀಕರ್ ಬಾಕ್ಸ್, ಎಲ್ಲಾ ಸೇರಿ 4,500 ರೂಪಾಯಿ. ಮನೆಗೆ ತಂದು ಜಾಳಿಗೆ ತೆಗೆದು ನೋಡಿದರೆ ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿ. ಮತ್ತೆ 1,200 ಕೊಟ್ಟು ಅದನ್ನ ಹೊಸದಾಗಿ ಕೂರಿಸಿಕೊಂಡೆ. ಮೊದಲು ಎರಡನ್ನೂ ಮೂಲೆಗೆ ಒತ್ತಿ ಇಟ್ಟೆ, ಗುಂಯ್ ಅಂತ ಬರೀ ಗದ್ದಲ, ಯಾವ ಸ್ವರ ಅಂತ ತಿಳೀತಿರಲಿಲ್ಲ. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದ ಮೇಲೆ ಬೇಸ್ ಬೇರೆ, ಡ್ರಮ್ ಬೇರೆ ಕೇಳಿಸಿತು. ಸದ್ದು ಜಾಸ್ತಿ ಇಡಬೇಕು ಅಂತೇನಿಲ್ಲ. ನಾನು ಕೇಳೋದು ಪಕ್ಕದಲ್ಲಿ ಕೂತವರ ಜೊತೆ ಸ್ವಲ್ಪ ದನಿ ಏರಿಸಿ ಮಾತಾಡಬಹುದು, ಅಷ್ಟರಲ್ಲಿ.

ಅಷ್ಟಕ್ಕೇ ಅಡುಗೆಮನೆಯಲ್ಲಿ ಒಂದು ಸಮಸ್ಯೆ ಶುರುವಾಯ್ತು. ಗೋಡೆಯ ಆ ಕಡೆ ಹಲಗೆಯ ಮೇಲೆ ಸ್ಟೀಲ್ ಡಬ್ಬಿಗಳ ಸಾಲು. ಅದರಲ್ಲಿ ಕಡಲಿಬ್ಯಾಳಿ ಡಬ್ಬಿಯ ಮುಚ್ಚಳ ಒಂದು ಸ್ವರಕ್ಕೆ ಮಾತ್ರ ಝರ್ ಅಂತ ನಡುಗುತ್ತೆ. ಉಳಿದ ಡಬ್ಬಿ ಸುಮ್ಮನಿರುತ್ತವೆ. ಎಲೆಕ್ಟ್ರಿಕ್ ವಿಝರ್ಡ್‌ನ ‘ಡೋಪ್‌ಥ್ರೋನ್’ (2000) ಹಚ್ಚಿದರೆ ಮುಗಿಯೋ ತನಕ ಝರ್ ಝರ್. ಅವ್ವ ಒಂದು ವಾರ ತಡಕೊಂಡಳು. “ನಿನ್ನ ಎಮ್ಮಿ ಒದರಿದ್ರ ನನ್ನ ಡಬ್ಬಿ ಯಾಕ ಅಳತೈತಿ?” ಅಂತ ಕೇಳಿ, ಹಳೇ ಸೀರೆಯ ತುಂಡು ಮಡಚಿ ಡಬ್ಬಿಯ ಕೆಳಗೂ ಮುಚ್ಚಳದ ಮೇಲೂ ಇಟ್ಟಳು. ನನಗೆ ಮಾತ್ರ ಆ ಡಬ್ಬಿ ಒಳ್ಳೆ ಮೀಟರ್ ಆಗಿತ್ತು. ಅದು ನಡುಗಿದರೆ ಕೆಳಗಿನ ಸ್ವರ ನಿಜವಾಗಿ ಕೋಣೆಗೆ ಬಂದಿದೆ ಅಂತ ಲೆಕ್ಕ.

ಸಾಮಾನು ಸರಿಯಾದರೂ ಕಿವಿ ಸರಿಯಾಗಿರಲಿಲ್ಲ. ವಿಂಟರ್ ಆಲ್ಬಂ ನ್ಯೂಯಾರ್ಕಿನವರದ್ದು, 1990ರದ್ದು, ಆ ಕಾಲಕ್ಕೆ ಎಲ್ಲರೂ ಎಷ್ಟು ಸ್ಪೀಡಾಗಿ ಬಾರಿಸ್ತೀವಿ ಅಂತ ಪೈಪೋಟಿಗೆ ಬಿದ್ದಾಗ ಇವರು ಉಲ್ಟಾ ಹೋದರು. ನನಗೆ ಅದು ಬೇಜಾರು ತರಿಸುತ್ತಿತ್ತು. ಇದನ್ನ ಬಿಡಿಸಿ ಕೊಟ್ಟವರು ಧಾರವಾಡದ ಸಪ್ತಾಪುರದ ನಮ್ಮ ಕಾಕಾ. ಅವರು ಮಲ್ಲಿಕಾರ್ಜುನ ಮನ್ಸೂರ ಬಿಟ್ಟು ಮತ್ತೊಂದು ಕೇಳಿದವರಲ್ಲ. ದೀಪಾವಳಿಗೆ ಮನೆಗೆ ಬಂದಾಗ ಐದು ನಿಮಿಷ ಕೂತು ಕೇಳಿ ಒಂದೇ ಪ್ರಶ್ನೆ ಹಾಕಿದರು, “ಇದಕ್ಕ ಸಮ್ ಎಲ್ಲೈತಿ ತಮ್ಮಾ?” ಸಮ್ ಅಂದ್ರೆ ತಾಳದ ಸುತ್ತು ಶುರುವಾಗೋ ಮೊದಲ ಏಟು.

“ಅದೆಲ್ಲ ಇದಕ್ಕ ಇರೂದಿಲ್ರಿ ಕಾಕಾ” ಅಂದೆ. “ಸಮ್ ಇಲ್ದ ಬಾರಸಾಕ ಆಗೂದಿಲ್ಲೋ” ಅಂತ ಹೇಳಿ ತೊಡೆ ಮೇಲೆ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದರು. ಮೂರನೇ ಸುತ್ತಿಗೆ ಡ್ರಮ್ ಎಲ್ಲಿ ಬಂದು ಬೀಳುತ್ತೋ ಅಲ್ಲೇ ಅವರ ಕೈಯೂ ಬಿತ್ತು. ನಾನು ಅಲ್ಲಿ ತನಕ ಗಿಟಾರಿನ ಹಿಂದೆ ಓಡುತ್ತಿದ್ದೆ, ಇಲ್ಲಾ ದನಿಯ ಹಿಂದೆ. ಎರಡು ಏಟಿನ ನಡುವಿನ ಖಾಲಿ ಜಾಗವನ್ನ ಒಂದು ಸಲವೂ ಎಣಿಸಿರಲಿಲ್ಲ. ವಿಲಂಬಿತ ಏಕತಾಲದಲ್ಲಿ 12 ಮಾತ್ರೆಯ ಒಂದು ಆವರ್ತನಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತೆ, ಅದಕ್ಕೆ ಕಾದು ಕೂತು ಅಭ್ಯಾಸ ಇರೋ ಕಿವಿಗೆ ವಿಂಟರ್ ಏನೂ ನಿಧಾನ ಅಲ್ಲ. ಹಾಗಂತ ಎರಡೂ ಒಂದೇ ಅಂತ ನಾನು ಹೇಳಲ್ಲ. ಹಾಗೆ ಹೇಳೋರನ್ನ ಕಂಡರೆ ನನಗೆ ಆಗಲ್ಲ. ಖ್ಯಾಲಿನಲ್ಲಿ ಹಾಡುವವರು ಆ ಜಾಗವನ್ನ ತುಂಬುತ್ತಾ ಹೋಗುತ್ತಾರೆ, ಪ್ರತಿ ಸಲ ಬೇರೆ ಥರ. ಡೂಮಿನವರು ಅದನ್ನ ಖಾಲಿ ಬಿಟ್ಟು, ಹೊಡೆದ ತಂತಿ ತಾನಾಗಿ ಸಾಯೋ ತನಕ ಕಾಯುತ್ತಾರೆ. ಕಾಯೋ ಕೆಲಸ ಮಾತ್ರ ಎರಡು ಕಡೆಯೂ ಇದೆ. ಕಾಕಾಗೆ ಹಾಡುವವನ ದನಿ ಮಾತ್ರ ಸೇರಲಿಲ್ಲ. “ಜ್ಯೇಷ್ಠಮಧು ಕೊಡ್ರಿ ಅವಂಗ” ಅಂದು ಊಟಕ್ಕೆ ಎದ್ದರು.

ಅವತ್ತಿಂದ ನನ್ನ ಪದ್ಧತಿ ಇಷ್ಟೇ. ಹೊಸ ಆಲ್ಬಂ ಬಂದರೆ ಮೊದಲ ಸಲ ಡ್ರಮ್ ಮಾತ್ರ ಹಿಡಿದು ಹೋಗೋದು, ಎರಡನೇ ಸಲ ಬೇಸ್. ದನಿಗೆ, ಸಾಹಿತ್ಯಕ್ಕೆ ಮೂರನೇ ಸಲ. ನಾಲ್ಕನೇ ಸಲಕ್ಕೆ ಬರಬೇಕು ಅನ್ನಿಸದಿದ್ದರೆ ಅದು ನನಗಲ್ಲ ಅಂತ ಬಿಡೋದು.

ಹೀಗೆ ಮೊದಲು ತೆರೆದುಕೊಂಡದ್ದು ಆಟಾಪ್ಸಿಯ ‘ಮೆಂಟಲ್ ಫ್ಯೂನರಲ್’ (1991). ಜೋರಾಗಿ ಓಡ್ತಾ ಒದರೋ ಡೆತ್ ಮೆಟಲ್ ಬೇಕು ಆದರೆ ಡೂಮಿಗೆ ಇಳಿಯೋಕೆ ಭಯ ಅನ್ನೋರಿಗೆ ನಾನು ಇದನ್ನೇ ಕೊಡೋದು. ಕ್ರಿಸ್ ರೀಫರ್ಟ್ ಡ್ರಮ್ಮೂ ಬಾರಿಸಿ ದನಿಯೂ ಕೊಡುತ್ತಾನೆ. ಡೆತ್ ಅನ್ನೋ ಹೆಸರಿನ ಬ್ಯಾಂಡಿನ 1987ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವನೂ ಅವನೇ. ಹಾಡು ಓಡ್ತಾ ಓಡ್ತಾ ಎಡವಿ ಬಿದ್ದು ಕೆಸರಲ್ಲಿ ತೆವಳೋಕೆ ಶುರು ಮಾಡುತ್ತೆ, ಆಮೇಲೆ ಮತ್ತೆ ಎದ್ದು ಓಡುತ್ತೆ. ಡ್ರಮ್ ಹಿಡಿದು ಹೋದರೆ ಎಲ್ಲಿ ಎಡವುತ್ತೆ ಅಂತ ಒಂದು ಕ್ಷಣ ಮೊದಲೇ ಗೊತ್ತಾಗುತ್ತೆ, ಅದೇ ಮಜಾ. ಅದೇ ವರ್ಷದ ಆಸ್ಫಿಕ್ಸ್‌ನ ‘ದ ರ‍್ಯಾಕ್’ ಕೂಡ ಇದೇ ಜಾತಿ, ಹಾಲೆಂಡಿನವರದ್ದು, ಇನ್ನೂ ಒರಟು.

ಸ್ವೀಡನ್ನಿನ ಎಂಟೂಮ್ಡ್ ಎಲ್ಲರಿಗೂ ಗೊತ್ತು. ‘ಲೆಫ್ಟ್ ಹ್ಯಾಂಡ್ ಪಾಥ್’ (1990), ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋ. ಗಿಟಾರಿನ ಸದ್ದನ್ನ ಒರಟು ಮಾಡೋ ಬಾಸ್ ಕಂಪನಿಯ ಎಚ್ಎಂ-2 ಪೆಡಲ್, ಅದರ ನಾಲ್ಕೂ ನಾಬ್ ಪೂರ್ತಿ ತಿರುಗಿಸಿ ಬಿಟ್ಟಿದ್ದು. ಆ ಸದ್ದನ್ನ ಎಲ್ಲರೂ ಗರಗಸ ಅನ್ನುತ್ತಾರೆ. ದಿನಾ ನಾಲ್ಕು ಇಂಚಿನ ಗ್ರೈಂಡರ್ ಹಿಡಿಯೋನಾಗಿ ಹೇಳ್ತೀನಿ, ಗರಗಸ ಅಲ್ಲ, ಸವೆದ ಕಟಿಂಗ್ ವೀಲು ತೆಳು ತಗಡಿಗೆ ತಾಗಿ ತಗಡೇ ನಡುಗೋ ಸದ್ದು ಅದು.

ಫಿನ್ಲೆಂಡಿನ ಡೆಮಿಲಿಚ್‌ನ ‘ನೆಸ್ಪಿಥೆ’ (1993) ಬಗ್ಗೆ ಒಂದು ಮಾತು. ಅದರಲ್ಲಿ ಹಾಡೋ ಆಂಟಿ ಬೋಮನ್ ದನಿ ಮನುಷ್ಯನದ್ದೇ ಅಲ್ಲ ಅನ್ನಿಸುತ್ತೆ, ಹೊಟ್ಟೆಯಿಂದ ತೇಗಿನ ಹಾಗೆ ಬರುತ್ತೆ. ದನಿಗೆ ಯಾವ ಮಷಿನ್ನೂ ಬಳಸಿಲ್ಲ ಅಂತ ಆಲ್ಬಮ್ಮಿನಲ್ಲೇ ಬರೆದಿದ್ದಾರೆ. ಇದನ್ನ ಕಾಕಾಗೆ ಹೇಳಿದೆ. “ರಿಯಾಜ್ ಮಾಡ್ಯಾನ ಅನ್ನು” ಅಂದರು, ಕೇಳೋಕೆ ಮಾತ್ರ ಒಪ್ಪಲಿಲ್ಲ.

ಮೆಲ್ಬರ್ನಿನ ಡಿಸೆಂಬೋವೆಲ್ಮೆಂಟ್ ಒಂದೇ ಒಂದು ಪೂರ್ತಿ ಆಲ್ಬಂ ಮಾಡಿತು, 1993ರಲ್ಲಿ, ‘ಟ್ರಾನ್ಸೆಂಡೆನ್ಸ್ ಇಂಟು ದ ಪೆರಿಫೆರಲ್’. ವಿಪರೀತ ವೇಗ, ಅದರ ಪಕ್ಕದಲ್ಲೇ ವಿಪರೀತ ನಿಧಾನ, ಮಧ್ಯ ಗಿಟಾರ್ ದೂರದ ಗುಡಿ ಗಂಟೆಯ ಹಾಗೆ. ಇಷ್ಟು ಕೇಳಿದ ಮೇಲೂ ಒಂದನ್ನೇ ಇಟ್ಟುಕೋ ಅಂದ್ರೆ ನಾನು ಇದನ್ನ ಇಟ್ಟುಕೊಳ್ತೀನಿ. ಮಳೆಗಾಲದಲ್ಲಿ, ಕಿಟಕಿ ಹಾಕಿಕೊಂಡು.

ಸ್ಲಜ್ ನನಗೆ ಹಿಡಿಸಿದ್ದು ತಡವಾಗಿ. ಬ್ಲ್ಯಾಕ್ ಫ್ಲ್ಯಾಗ್ ಅನ್ನೋ ಪಂಕ್ ಬ್ಯಾಂಡ್ 1984ರಲ್ಲಿ ‘ಮೈ ವಾರ್’ ಆಲ್ಬಮ್ಮಿನ ಎರಡನೇ ಮಗ್ಗಲನ್ನ ಪೂರ್ತಿ ನಿಧಾನ ಮಾಡಿ ತನ್ನ ಅಭಿಮಾನಿಗಳಿಂದಲೇ ಬೈಸಿಕೊಂಡಿತು, ಮೆಲ್ವಿನ್ಸ್ ಅದನ್ನ ಮುಂದಕ್ಕೆ ಒಯ್ದರು, ನ್ಯೂ ಓರ್ಲಿಯನ್ಸಿನವರು ಅದಕ್ಕೆ ಸಬ್ಬತ್ ಕಲಸಿದರು. ಐಹೇಟ್‌ಗಾಡ್‌ನ ‘ಟೇಕ್ ಆ್ಯಸ್ ನೀಡೆಡ್ ಫಾರ್ ಪೇನ್’ (1993) ಹಚ್ಚಿದರೆ ಹಾಡಿಗಿಂತ ಮೊದಲು ಗಿಟಾರಿನ ಕುಯ್ಯೋ ಸದ್ದೇ ಬರುತ್ತೆ. ನಮ್ಮೂರ ಜಾತ್ರೆಯಲ್ಲಿ ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನೋ ಹೊತ್ತಿಗೆ ಬರುತ್ತಲ್ಲ, ಅದೇ ಥರ. ಅವರು ಅದನ್ನ ಬಂದ್ ಮಾಡಲ್ಲ, ಅದರ ಮೇಲೇ ಹಾಡು ಕಟ್ಟುತ್ತಾರೆ. ಭಾನುವಾರ ಬೆಳಿಗ್ಗೆ ಇದನ್ನ ಕೇಳಬೇಡಿ, ದಂಡ. ಏಪ್ರಿಲ್ ತಿಂಗಳು, ಹತ್ತು ತಾಸು ತಗಡಿನ ಶೆಡ್ಡಿನಲ್ಲಿ ದುಡಿದು, ಒಬ್ಬರ ಕೈಲಿ ಬೈಸಿಕೊಂಡು ಮನೆಗೆ ಬಂದ ದಿನ ಕೇಳಿ.

ಉದ್ದದ ಹಾಡುಗಳಿಗೆ ನನ್ನ ಹತ್ತಿರ ಒಂದು ಅಳತೆ ಇದೆ, ಚಿಗರಿ ಬಸ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮುಕ್ಕಾಲು ತಾಸು ಅಂತಿಟ್ಕೊಳ್ಳಿ. ಸ್ಲೀಪ್ ಬ್ಯಾಂಡಿನ ‘ಡೋಪ್‌ಸ್ಮೋಕರ್’ ಒಂದೇ ಹಾಡು, 63 ನಿಮಿಷ. 1996ರಲ್ಲಿ ರೆಕಾರ್ಡ್ ಮಾಡಿ ಕೊಟ್ಟರೆ ಇಂಥದ್ದನ್ನ ಹೇಗಪ್ಪಾ ಮಾರೋದು ಅಂತ ಕಂಪನಿ ಹೊರಗೇ ತರಲಿಲ್ಲ. 1999ರಲ್ಲಿ ‘ಜೆರುಸಲೇಂ’ ಅಂತ ಮೊಟಕು ಮಾಡಿದ್ದು ಬಂತು, ಪೂರ್ತಿಯದ್ದು ಬಂದದ್ದು 2003ರಲ್ಲಿ. ಧಾರವಾಡ ಬಂದರೂ ಹಾಡು ಮುಗಿಯಲ್ಲ, ಇಳಿದು ಸ್ಟಾಪಿನಲ್ಲಿ ಕೂತು ಮುಗಿಸಿಕೊಂಡು ಹೋಗಿದ್ದೇನೆ. ಬೆಲ್ ವಿಚ್‌ನ ‘ಮಿರರ್ ರೀಪರ್’ (2017) 83 ನಿಮಿಷ, ಅದಕ್ಕೆ ಹೋಗಿಬರೋ ಟಿಕೆಟ್ಟೇ ಬೇಕು. ಇಬ್ಬರೇ ಇರೋ ಬ್ಯಾಂಡು, ಗಿಟಾರ್ ಇಲ್ಲ, ಬೇಸ್ ಮತ್ತು ಡ್ರಮ್. ಅವರ ಮೊದಲಿನ ಡ್ರಮ್ಮರ್ ಏಡ್ರಿಯನ್ ಗೆರಾ 2016ರಲ್ಲಿ ತೀರಿಕೊಂಡ. ಹಿಂದಿನ ಆಲ್ಬಮ್ಮಿಗೆ ಅಂತ ಹಾಡಿ ಬಳಸದೆ ಉಳಿದಿದ್ದ ಅವನ ದನಿಯನ್ನ ಇದರ ಮಧ್ಯ ಸೇರಿಸಿದ್ದಾರೆ. ಆದರೆ ಒಂದು ಎಚ್ಚರಿಕೆ, ಬಸ್ಸಿನ ಗುರ್‌ಗುರ್ ಸದ್ದು ಕೆಳಗಿನ ಸ್ವರವನ್ನ ತಿಂದು ಹಾಕುತ್ತೆ. ಮನೆಯಲ್ಲಿ ಒಮ್ಮೆ ಕೇಳಿದ್ದನ್ನ ಮಾತ್ರ ಬಸ್ಸಿನಲ್ಲಿ ಕೇಳಿ.

ದೂರದವರದ್ದೇ ಹೇಳಿದೆ. ಬೆಂಗಳೂರಿನ ಡೈಯಿಂಗ್ ಎಂಬ್ರೇಸ್ 1990ರ ದಶಕದಲ್ಲೇ ಡೆತ್-ಡೂಮ್ ಬಾರಿಸುತ್ತಿತ್ತು. ಬೇವರ್ ಸೀ ಅನ್ನೋ ಇನ್ನೊಂದು ಬ್ಯಾಂಡಿನ ಮೊದಲ ಆಲ್ಬಂ 2012ರದ್ದು. ಹೆಸರನ್ನ ಬಿಡದೆ ಒಂದೇ ಉಸಿರಲ್ಲಿ ಹೇಳಿ ನೋಡಿ. ಮನೆಯಲ್ಲಿ ಯಾವ ಬ್ಯಾಂಡ್ ಅಂತ ಕೇಳಿದಾಗ ನಾನು ಈ ಹೆಸರು ಹೇಳಿದ್ದಕ್ಕೆ ಅಪ್ಪ ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದ್ದರು.

ಅವ್ವ ತಾನಾಗಿ ಬಂದು ಕೂತದ್ದು ಒಂದಕ್ಕೇ. ಇಂಗ್ಲೆಂಡಿನ ವಾರ್ನಿಂಗ್ ಬ್ಯಾಂಡಿನ ‘ವಾಚಿಂಗ್ ಫ್ರಂ ಎ ಡಿಸ್ಟನ್ಸ್’ (2006). ಅದರಲ್ಲಿ ಒದರಾಟ ಇಲ್ಲ, ಪ್ಯಾಟ್ರಿಕ್ ವಾಕರ್ ಬಾಯಿಬಿಟ್ಟು ಹಾಡುತ್ತಾನೆ. ಅವ್ವ ಮೆಂತ್ಯಪಲ್ಲೆ ಸೋಸುತ್ತಾ ಕೂತಿದ್ದಳು, ಭಾಷೆ ತಿಳಿಯಲ್ಲ. “ಯಾರ್ ಹೋಗ್ಯಾರ ಅವರ ಮನ್ಯಾಗ?” ಅಂತ ಕೇಳಿದಳು. ಯಾರೂ ಸತ್ತಿಲ್ಲ, ಬಿಟ್ಟು ಹೋಗಿದ್ದಾಳೆ ಅಂದೆ. “ಅದೂ ಅಷ್ಟ ಮತ್ತ” ಅಂದು ಕಡ್ಡಿ ತೆಗೆಯೋದು ಮುಂದುವರಿಸಿದಳು.

ಹೋದ ವಾರ ಆಂಪ್ಲಿಫೈಯರಿನ ಒಂದು ಚಾನೆಲ್ ಹೋಯ್ತು, ರಿಪೇರಿಗೆ ಕೊಟ್ಟಿದ್ದೇನೆ. ಡಬ್ಬಿ ಕೆಳಗಿನ ಬಟ್ಟೆಯನ್ನ ಅವ್ವ ಒಗೆಯೋಕೆ ಹಾಕಿದ್ದಾಳೆ. ಶನಿವಾರದೊಳಗೆ ಒಣಗಿಸಿ ಇಡು ಅಂತ ಹೇಳಿದ್ದೇನೆ.