ನದಿ ತಿರುವು: ಜನರ ನಿಲುವನ್ನು ದಾಖಲಿಸುವ ಕ್ರಮ

ನದಿನೀರನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ಒಯ್ಯುವ ಯೋಜನೆಯ ಬಗ್ಗೆ ಜನಾಭಿಪ್ರಾಯ ಸಂಗ್ರಹಿಸಲು ಹೊರಡುವವರು ‘ಪರವೋ, ವಿರೋಧವೋ’ ಎಂಬ ಪ್ರಶ್ನೆಯನ್ನು ಮೊದಲು ಕೈಬಿಡಬೇಕು. ಸಕಲೇಶಪುರದ ಬಳಿ ನೇತ್ರಾವತಿಗೆ ಹರಿಯುವ ತೊರೆಗಳ ನೀರನ್ನು ಕೋಲಾರದಂಥ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವಿಚಾರದಲ್ಲಿ ಈ ಪ್ರಶ್ನೆಗೆ ಮಂಗಳೂರಿನಲ್ಲಿ ಯಾವ ಉತ್ತರ ಬರುತ್ತದೆ, ಕೋಲಾರದಲ್ಲಿ ಯಾವುದು ಬರುತ್ತದೆ ಎಂಬುದನ್ನು ಮನೆಯಲ್ಲಿ ಕುಳಿತೇ ಹೇಳಬಹುದು. ಯಾರು ಯಾವ ಷರತ್ತಿಗೆ ಒಪ್ಪುತ್ತಾರೆ ಎಂಬುದೇ ತಿಳಿಯಬೇಕಾದ ವಿಷಯ. ಕುಡಿಯುವ ನೀರಿನ ಯೋಜನೆಯೆಂಬ ಕಾರಣಕ್ಕೆ ಈ ಯೋಜನೆ 2006ರ ಪರಿಸರ ಪರಿಣಾಮ ಅಧಿಸೂಚನೆಯಿಂದಲೂ ಅದರಡಿಯ ಸಾರ್ವಜನಿಕ ಅಹವಾಲು ಸಭೆಯಿಂದಲೂ ಹೊರಗುಳಿದಿರುವುದರಿಂದ ಇಂಥ ದಾಖಲೆಗೆ ಹೆಚ್ಚಿನ ಬೆಲೆಯಿದೆ.

ಊರುಗಳನ್ನು ನೀರಿನ ದಾರಿ ಹಿಡಿದೇ ಆರಿಸಿಕೊಳ್ಳಿ: ತೊರೆಗಳಿಗೆ ಒಡ್ಡು ಕಟ್ಟಿದ ಸಕಲೇಶಪುರ ಸೀಮೆ, ಕುಮಾರಧಾರೆಯು ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿ, ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ, ನೀರಿಗಾಗಿ ಕಾದಿರುವ ಕೋಲಾರ ಮತ್ತು ಚಿಕ್ಕಬಳ್ಳಾಪುರ. ಕರಾವಳಿಯಲ್ಲಿ ತುಳು, ಕೋಲಾರದ ಕಡೆ ತೆಲುಗು ಬಲ್ಲವರೊಬ್ಬರು ಜೊತೆಗಿರಲಿ. ಮನೆಮಾತಿನಲ್ಲಿ ಕೇಳಿದರೆ ಜನ ಬಿಚ್ಚಿ ಮಾತಾಡುತ್ತಾರೆ.

ಹೆಚ್ಚಿನ ಶ್ರಮ ಬೇಡುವುದು ಪ್ರಶ್ನೆಯ ಮಾತು. ‘ನೇತ್ರಾವತಿಯನ್ನು ಬರಿದುಮಾಡುವ ಯೋಜನೆ ನಿಮಗೆ ಒಪ್ಪಿಗೆಯೇ?’ ಎಂದರೆ ಉತ್ತರವನ್ನೂ ನಾವೇ ಬರೆದುಕೊಟ್ಟಂತೆ. ‘ಬಾಯಾರಿದ ಬಯಲುಸೀಮೆಗೆ ನೀರು ಬೇಡವೇ?’ ಎಂಬುದೂ ಅಷ್ಟೇ ವಕ್ರ. ಬದಲಿಗೆ, ‘ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ಎತ್ತುವುದಾದರೆ ನಿಮ್ಮ ಅಭಿಪ್ರಾಯವೇನು? ಹಾಗೆ ಮಾತ್ರ ಎತ್ತುತ್ತಾರೆಂಬ ನಂಬಿಕೆ ನಿಮಗಿದೆಯೇ?’ ಎಂದು ಎರಡಾಗಿ ಕೇಳಿ. ನೀರು ಕೊಡಲು ಮನಸ್ಸಿದ್ದೂ ಸರ್ಕಾರದ ಮಾತಿನಲ್ಲಿ ವಿಶ್ವಾಸವಿಲ್ಲದವರು ಆಗ ಬೇರೆಯಾಗಿ ಕಾಣುತ್ತಾರೆ. ಅವರನ್ನು ವಿರೋಧಿಗಳ ಲೆಕ್ಕಕ್ಕೆ ಸೇರಿಸುವುದು ತಪ್ಪು. ಬಳಿಕ ಅಂಕಿಗಳನ್ನು ಮುಂದಿಡಿ: ವರ್ಷಕ್ಕೆ ಎತ್ತುತ್ತೇವೆಂದು ಯೋಜನೆ ಹೇಳುವ ನೀರು 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಆ ತೊರೆಗಳಲ್ಲಿ ಸಿಗುವ ನೀರೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2015ರಲ್ಲಿ ಅಂದಾಜಿಸಿದ್ದು 9.55 ಟಿಎಂಸಿ. ಇವನ್ನು ಕೇಳಿದ ಮೇಲೆ ನಿಲುವು ಬದಲಾಯಿತೇ ಎಂದು ಬರೆದುಕೊಳ್ಳಿ. ಕೋಲಾರದ ರೈತನಿಗೂ ಈ ಅಂಕಿಗಳನ್ನು ತಪ್ಪದೇ ತಿಳಿಸಬೇಕು. ನೀರು ಬಾರದೇ ಹೋದರೆ ಕೆರೆ ಹೂಳೆತ್ತುವಂಥ ಸ್ಥಳೀಯ ಕೆಲಸಕ್ಕೆ ಅವನು ಎಷ್ಟು ಒಲವು ತೋರುತ್ತಾನೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಜುಲೈಯಲ್ಲಿ ಕೆಂಪಾಗಿ ಉಕ್ಕುವ ನೇತ್ರಾವತಿಯನ್ನು ನೋಡುತ್ತ ಕೊಡುವ ಉತ್ತರ ಬೇರೆ, ಏಪ್ರಿಲ್‌ನಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನ ಮಟ್ಟ ಇಳಿದಾಗ ಬರುವ ಉತ್ತರ ಬೇರೆ. ಆದ್ದರಿಂದ ಎರಡೂ ಕಾಲದಲ್ಲಿ ಕೇಳಿ, ಪ್ರತಿ ಹಾಳೆಯ ಮೇಲೆ ತಾರೀಖಿನ ಜೊತೆಗೆ ಆ ಮನೆಯ ನಲ್ಲಿಯಲ್ಲಿ ನೀರು ಕೊನೆಯದಾಗಿ ಬಂದ ದಿನವನ್ನೂ ನಮೂದಿಸಿ.

ಫಲಿತಾಂಶವನ್ನು ಊರುವಾರು ಪ್ರತ್ಯೇಕವಾಗಿಯೇ ಪ್ರಕಟಿಸಬೇಕು. ಎಲ್ಲವನ್ನೂ ಒಂದೇ ಶೇಕಡಾವಾರು ಲೆಕ್ಕಕ್ಕೆ ಸೇರಿಸಿದರೆ, ತೊರೆಯ ದಡದ ಬೆರಳೆಣಿಕೆಯ ಮನೆಗಳ ಮಾತು ಬಯಲುಸೀಮೆಯ ಪಟ್ಟಣಗಳ ಸಂಖ್ಯೆಯಲ್ಲಿ ಕರಗಿಹೋಗುತ್ತದೆ.