ನಾಲ್ಕು ಗಂಟೆಗೆ ನೋಡಬೇಕಾದ ಹೂವು

ಡೇಲಿಲಿ ಎಂದರೆ ನಮ್ಮ ಅತ್ತೆಗೆ ಅಷ್ಟಕ್ಕಷ್ಟೆ. ಮುಡಿಯಲು ಬರುವುದಿಲ್ಲ, ಮಾಲೆ ಕಟ್ಟಲು ಬರುವುದಿಲ್ಲ, ಸಂಜೆಯಾದರೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. “ದಾಸವಾಳವೂ ಒಂದೇ ದಿನದ ಹೂವಲ್ಲವೇ ಅತ್ತೆ” ಎಂದರೆ, “ಅದು ಗಣಪತಿಗೆ ಏರುತ್ತದಲ್ಲ” ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಈ ಕುಲವನ್ನು ಹೆಮೆರೋಕ್ಯಾಲಿಸ್ ಎಂದು ದಾಖಲಿಸಿದ. ಗ್ರೀಕಿನಲ್ಲಿ ‘ದಿನ’, ‘ಚೆಲುವು’ ಎಂಬ ಎರಡು ಮಾತು ಸೇರಿದ ಹೆಸರು ಅದು. ಆದರೆ ಹೂವಿಗೆ ಆಯುಸ್ಸು ಒಂದು ದಿನವಾದರೂ ಹೂದಂಟಿನಲ್ಲಿ ಹದಿನೈದು ಮೊಗ್ಗು ಇದ್ದರೆ ಸುಮಾರು ಎರಡು ವಾರ ಒಂದಲ್ಲ ಒಂದು ಅರಳಿಯೇ ಇರುತ್ತದೆ.

ನಾನು ಮೈಸೂರಿನ ರಾಮಕೃಷ್ಣನಗರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಉಳಿದದ್ದು ಮುಂದೆ ಒಂದು ಪಟ್ಟಿ ಮಣ್ಣು, ಪಕ್ಕದಲ್ಲಿ ಓಣಿಯಷ್ಟು ಜಾಗ, ಮೇಲೆ ತಾರಸಿ. ಶ್ರೀರಂಗಪಟ್ಟಣದ ಚಿಕ್ಕಮ್ಮನ ಮನೆಯ ಬಾವಿಕಟ್ಟೆಯ ಬಳಿ ಕಿತ್ತಳೆ ಬಣ್ಣದ ಡೇಲಿಲಿ ಹುಲ್ಲಿನಂತೆ ಹರಡಿತ್ತು. ಒಂದು ಬುಟ್ಟಿ ಮರಿ ಕಿತ್ತು ಕೊಟ್ಟರು. ಎಂಟು ವರ್ಷದ ಹಿಂದೆ ಶುರುವಾದದ್ದು ಅಲ್ಲಿಂದ.

ಕಿತ್ತಳೆ ಬೇಸರವಾದಾಗ ಬಣ್ಣ ಬೇಕೆನಿಸಿತು. ಇಲ್ಲಿನ ನರ್ಸರಿಗಳಲ್ಲಿ ‘ಲಿಲಿ’ ಎಂದು ಕೇಳಿದರೆ ಮಳೆಲಿಲಿಯಿಂದ ಹಿಡಿದು ಮೇ ಫ್ಲವರಿನವರೆಗೆ ಗಡ್ಡೆಯಿರುವ ಏನು ಬೇಕಾದರೂ ಕೊಡುತ್ತಾರೆ. ಡೇಲಿಲಿಗೆ ಗಡ್ಡೆಯೇ ಇಲ್ಲ; ಬೆರಳು ಗಾತ್ರದ ದಪ್ಪ ಬೇರು, ಅದರ ಮೇಲೆ ಬೀಸಣಿಗೆಯಂತೆ ಎದುರುಬದುರಾಗಿ ಹೊರಡುವ ಎಲೆ. ಹಾಗಾಗಿ ದೂರದ ಮಾರಾಟಗಾರರೊಬ್ಬರಿಂದ ಬರೀ ಚಿತ್ರ ನೋಡಿಕೊಂಡು ಅಂಚೆಯಲ್ಲಿ ತರಿಸಿದೆ. ಒಟ್ಟು ಏಳು ಗಿಡ. ಅದರಲ್ಲಿ ‘ಸ್ಟೆಲ್ಲಾ ಡಿ ಓರೋ’ ಎಂಬ ಹಳದಿ ಕುಳ್ಳಿಯೂ ಇತ್ತು. 1975ರಲ್ಲಿ ವಾಲ್ಟರ್ ಜಾಬ್ಲಾನ್ಸ್ಕಿ ಎಂಬವರು ಲೋಕಕ್ಕೆ ಕೊಟ್ಟ, ಅಮೆರಿಕದಲ್ಲಿ ರಸ್ತೆ ಬದಿಯಲ್ಲೂ ಬೆಳೆಯುವ ತಳಿ. ನಮ್ಮಲ್ಲಿ ಮೊದಲ ವರ್ಷ ನಾಲ್ಕು ಹೂ ಬಿಟ್ಟಿತು, ಮರುವರ್ಷ ಒಂದು. ಮೂರನೆಯ ವರ್ಷ ಎರಡು ಎಲೆಯ ಹುಲ್ಲುಕಡ್ಡಿಯಾಗಿ, ಒಂದು ದಿನ ಅದೂ ಇಲ್ಲ.

ನೀರು ಕಡಿಮೆಯಾಯಿತೇ, ಗೊಬ್ಬರ ಹೆಚ್ಚಾಯಿತೇ ಎಂದು ತಲೆ ಕೆಡಿಸಿಕೊಂಡೆ. ತಪ್ಪು ಗಿಡದ್ದೂ ಅಲ್ಲ, ಗೊಬ್ಬರದ್ದೂ ಅಲ್ಲ. ಡೇಲಿಲಿಗಳಲ್ಲಿ ಚಳಿಗಾಲಕ್ಕೆ ಎಲೆಯೆಲ್ಲ ಒಣಗಿಸಿ ಮಲಗುವ ಜಾತಿಯಿದೆ, ವರ್ಷವಿಡೀ ಹಸಿರಾಗಿರುವ ಜಾತಿಯಿದೆ, ನಡುವಿನದೂ ಇದೆ. ಮಲಗುವ ಜಾತಿಗೆ ನಿಜವಾದ ಚಳಿ ಬೇಕು; ಸ್ಟೆಲ್ಲಾ ಅಂಥದ್ದು. ಧನುರ್ಮಾಸದಲ್ಲೂ ಒಂದು ಶಾಲು ಹೊದ್ದರೆ ಸಾಕಾಗುವ ಊರಿನಲ್ಲಿ ಅದಕ್ಕೆ ನಿದ್ದೆಯೇ ಬರುವುದಿಲ್ಲ, ನಿದ್ದೆಗೆಟ್ಟು ಸೊರಗುತ್ತದೆ. ಅಂದಿನಿಂದ ನಿತ್ಯಹಸಿರು ಎಂದು ಬರೆದಿದ್ದರೆ ಮಾತ್ರ ಹಣ ಬಿಚ್ಚುತ್ತೇನೆ. ಅಮೆರಿಕನ್ ಹೆಮೆರೋಕ್ಯಾಲಿಸ್ ಸೊಸೈಟಿ 1946ರಿಂದ ಇರುವ ಸಂಸ್ಥೆ; ಅದರ ದಾಖಲೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಳಿಗಳ ಹೆಸರಿದೆ. ಹೆಸರು ಕೊಟ್ಟು ಮೊಬೈಲಿನಲ್ಲಿ ಹುಡುಕಿದರೆ ಎತ್ತರ, ಎಲೆಯ ಸ್ವಭಾವ ಎಲ್ಲವೂ ಸಿಗುತ್ತದೆ. ಕೊಳ್ಳುವ ಮೊದಲು ಐದು ನಿಮಿಷ ಅದನ್ನು ಓದಿದ್ದರೆ ನನ್ನ ಎರಡು ಸಾವಿರ ರೂಪಾಯಿ ಉಳಿಯುತ್ತಿತ್ತು.

ನೆಡುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ನಮ್ಮ ಕೆಂಪು ಮಣ್ಣಿಗೆ ಅರ್ಧದಷ್ಟು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬೇರು ಮತ್ತು ಎಲೆ ಸೇರುವ ಕತ್ತು ಮಣ್ಣಿನಿಂದ ಒಂದು ಅಂಗುಲ ಕೆಳಗಿದ್ದರೆ ಸಾಕು, ಆಳಕ್ಕಿಳಿದರೆ ಮಳೆಗಾಲದಲ್ಲಿ ಕೊಳೆಯುತ್ತದೆ. ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಪೂರ್ವದ ಜಾಗ ಉತ್ತಮ. ಮೂರು ವರ್ಷಕ್ಕೊಮ್ಮೆ ಬುಡ ಕಿತ್ತು ಮರಿ ಬೇರ್ಪಡಿಸಬೇಕು. ಅಷ್ಟೆ.

ತಳಿ ಬೆರೆಸುವ ಹುಚ್ಚು ಹತ್ತಿದ್ದು ಲಾಕ್‌ಡೌನಿನ ವರ್ಷ, ಹೊಲಿಗೆ ನಿಂತುಹೋದಾಗ. ಚಿಕ್ಕಮ್ಮನ ಕಿತ್ತಳೆ ಗಟ್ಟಿಮುಟ್ಟು, ನನ್ನ ಹೊಸ ಗಿಡಗಳು ಚೆಂದ. ಇದರ ಕಸುವು ಅದರ ಬಣ್ಣ ಸೇರಿದರೆ ಎಂದು ಲೆಕ್ಕ ಹಾಕಿದೆ. ಆ ಬೇಸಿಗೆಯಲ್ಲಿ ಮೂವತ್ತೊಂದು ಹೂವಿಗೆ ಪರಾಗ ಹಚ್ಚಿದೆ. ಒಂದೇ ಒಂದು ಕಾಯಿ ನಿಲ್ಲಲಿಲ್ಲ. ಆಮೇಲೆ ತಿಳಿದದ್ದು: ಸಾಮಾನ್ಯ ಡೇಲಿಲಿಯ ಜೀವಕೋಶದಲ್ಲಿ 22 ವರ್ಣತಂತು, ಅಂದರೆ ವಂಶದ ಗುಣ ಹೊರುವ ಎಳೆ. ಹಳೆಯ ತೋಟಗಳ ಆ ಕಿತ್ತಳೆಗೆ 33, ಎರಡು ಸಮಪಾಲಾಗದ ಸಂಖ್ಯೆ; ಹಾಗಾಗಿ ಅದು ಬೀಜ ಕಟ್ಟುವುದಿಲ್ಲ. ಊರಿಂದೂರಿಗೆ ಹೋಗಿದ್ದೆಲ್ಲ ಬುಟ್ಟಿಯಲ್ಲಿ ಮರಿಯಾಗಿಯೇ. ನ್ಯೂಯಾರ್ಕ್ ಸಸ್ಯೋದ್ಯಾನದ ಎ. ಬಿ. ಸ್ಟೌಟ್ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆಯೇ ಈ ಬಂಜೆತನದ ಗುಟ್ಟಿನ ಹಿಂದೆ ಬಿದ್ದಿದ್ದರಂತೆ. ನನ್ನ ಹೊಸ ಗಿಡಗಳಲ್ಲಿ ಎರಡು ಟೆಟ್ರಾಪ್ಲಾಯ್ಡ್, ಅಂದರೆ 44 ವರ್ಣತಂತುಗಳವು. 22ಕ್ಕೂ 44ಕ್ಕೂ ಕೂಡಾವಳಿ ಆಗುವುದಿಲ್ಲ. ಜಾತಕ ನೋಡದೆ ಮದುವೆ ಮಾಡಲು ಹೊರಟಿದ್ದೆ.

ಈಗ ನಾನು ಮಾಡುವ ಕ್ರಮ ಹೀಗೆ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಮೊದಲಿನ ಮೂರು ನಾಲ್ಕು ವಾರ, ಬಿಟ್ಟರೆ ದಸರಾ ಸುಮಾರಿನ ಎರಡನೆಯ ಸರದಿ. ಏಪ್ರಿಲ್‌ನ ಸೆಕೆಯಲ್ಲಿ ಹಚ್ಚಿದ್ದು ಹತ್ತರಲ್ಲಿ ಒಂದೂ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಇಬ್ಬನಿ ಆರಿ ಕೇಸರದ ತುದಿಯ ಚೀಲಗಳು ಬಿರಿದು ಪುಡಿ ಉದುರಲು ಸಿದ್ಧವಾಗಿರುತ್ತದೆ. ಹೂವಿನೊಳಗೆ ಆರು ಕೇಸರ, ಅವುಗಳಿಗಿಂತ ಉದ್ದವಾಗಿ ಬಾಗಿ ನಿಂತ ಒಂದೇ ಶಲಾಕೆ. ಗಂಡು ಎಂದು ಆರಿಸಿದ ಹೂವಿನಿಂದ ಒಂದು ಕೇಸರವನ್ನು ಚಿವುಟಿ, ಅದನ್ನೇ ಕುಂಚದಂತೆ ಹಿಡಿದು, ಹೆಣ್ಣಿನ ಶಲಾಕೆಯ ತುದಿಗೆ ಸವರುತ್ತೇನೆ. ಸೂಜಿಗೆ ದಾರ ಪೋಣಿಸಿ ಪಳಗಿದ ಕೈಗೆ ಇದು ಕಷ್ಟವಲ್ಲ. ಹಳದಿ ಪುಡಿ ಆ ತುದಿಗೆ ಅಂಟಿದ್ದು ಕಣ್ಣಿಗೆ ಕಾಣಬೇಕು. ಕೂಡಲೇ ಹೂವಿನ ತೊಟ್ಟಿಗೆ ದಾರ ಕಟ್ಟುತ್ತೇನೆ: ಗಂಡು ಗಿಡ ಯಾವುದೋ ಅದರ ಬಣ್ಣದ ದಾರ. ಬ್ಲೌಸಿಗೆ ದಾರ ಹೊಂದಿಸುವ ಡಬ್ಬಿಯಲ್ಲಿ ಎಲ್ಲ ಬಣ್ಣವೂ ಇದೆ. ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ ತಾರೀಖು ಬರೆಯುತ್ತೇನೆ, ಒಮ್ಮೆ ಗಿರಾಕಿಯೊಬ್ಬರು ಪುಟ ತಿರುವಿ “ಇದು ಯಾರ ಸುತ್ತಳತೆ?” ಎಂದು ಕೇಳಿದ್ದರು.

ನಾಲ್ಕೈದು ದಿನದಲ್ಲಿ ಬಾಡಿದ ಹೂ ಕಳಚಿ ಹಸಿರು ಗುಂಡು ಉಳಿದರೆ ಗೆದ್ದಂತೆ. ಕಾಯಿ ಬಲಿಯಲು ಐವತ್ತು ದಿನದ ಆಸುಪಾಸು. ಮೂರು ಕೋಣೆಯ ಕಾಯಿ ಕಂದಾಗಿ ತುದಿಯಲ್ಲಿ ಬಿರಿಯುತ್ತದೆ, ಒಳಗೆ ಕರಿಮೆಣಸಿನ ಗಾತ್ರದ ಹೊಳೆಯುವ ಕಪ್ಪು ಬೀಜ. ಅವು ನೆಲಕ್ಕೆ ಉದುರಿಹೋಗದಂತೆ ಆರ್ಗಾಂಜಾ ಬಟ್ಟೆಯ ಚೂರಿನಲ್ಲಿ ಚೀಲ ಹೊಲಿದು ಮೊದಲೇ ತೊಡಿಸುತ್ತೇನೆ. ಮದುವೆ ಸೀಸನ್ನಿನಲ್ಲಿ ಮೊದಲ ಬೀಜಚೀಲಗಳು ಝರಿ ಅಂಚಿನವಾಗಿರುತ್ತವೆ. ನಿತ್ಯಹಸಿರು ತಾಯ್ತಂದೆಯರ ಬೀಜಕ್ಕೆ ಫ್ರಿಜ್‌ನ ತಂಪು ಬೇಕಾಗಿಲ್ಲ. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದಲ್ಲಿ ಎರಡು ಮೂರು ವಾರಕ್ಕೆ ಹುಲ್ಲಿನ ಎಳೆಯಂತೆ ಮೊಳೆಯುತ್ತವೆ. ಮೇ ತಿಂಗಳಲ್ಲಿ ಬಿತ್ತಿದ್ದು ಹೂ ಬಿಡಲು ಮರುವರ್ಷದ ದಸರಾ ಬರಬೇಕು.

ಎರಡನೆಯ ಪ್ರಯತ್ನದಲ್ಲಿ 22ರ ಗಿಡಗಳನ್ನೇ ಜೋಡಿಸಿದೆ: ಒಂಬತ್ತು ಕಾಯಿ, 74 ಬೀಜ, ಕೊನೆಗೆ ಹೂ ಬಿಟ್ಟದ್ದು 38. ಮೊದಲು ಅರಳಿದ್ದು ಗಾಢ ದ್ರಾಕ್ಷಿ ಬಣ್ಣದ್ದು, ಕಂಠದಲ್ಲಿ ಲಿಂಬೆಹಸಿರು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ, ಫೋಟೋ ಕಳಿಸಿದೆ, ಹೆಸರು ಕೂಡ ಇಟ್ಟೆ. ನಾನು ಯಂತ್ರ ಬಿಟ್ಟು ಕಾಫಿಗೆ ಏಳುವುದು ನಾಲ್ಕು ಗಂಟೆಗೆ. ಲೋಟ ಹಿಡಿದು ಹೊರಗೆ ಬಂದರೆ ಆ ಹೂವು ಬಣ್ಣ ಬಿಟ್ಟ ಅಗ್ಗದ ರೇಷ್ಮೆಯಂತೆ ಮಚ್ಚೆ ಮಚ್ಚೆಯಾಗಿ, ಅಂಚು ಕರಗಿ ಅಂಟಂಟಾಗಿತ್ತು. ಪಕ್ಕದ ಕುಂಡದಲ್ಲಿ ಬೆಳಿಗ್ಗೆ ನಾನು ತಿರುಗಿಯೂ ನೋಡಿರದ ಕೆನೆ ಬಣ್ಣದ್ದು ಬೆಳಗ್ಗಿನಂತೆಯೇ ಬಿರಿದು ನಿಂತಿತ್ತು. ಗಾಢ ಕೆಂಪು, ನೇರಳೆಗಳು ಬಿಸಿಲಿಗೆ ಹೀಗೆ ಕರಗುವುದು ತಳಿಗಾರರಿಗೆ ಹಳೆಯ ತಲೆನೋವು. ನನಗೆ ಅಂದು ಗೊತ್ತಾಯಿತು.

ಅಲ್ಲಿಂದ ಬೆಳಗಿನ ತೀರ್ಪು ನಿಲ್ಲಿಸಿದೆ. ಆಯ್ಕೆಯೆಲ್ಲ ಸಂಜೆ ನಾಲ್ಕಕ್ಕೆ, ಅದೂ ಎರಡು ಸರದಿ ಹೂ ನೋಡಿದ ಮೇಲೆ. ದಂಟು ಎಲೆಗಿಂತ ಮೇಲೆ ಬಂದಿದೆಯೇ, ಕವಲೊಡೆದಿದೆಯೇ, ಮೊಗ್ಗು ಹತ್ತಕ್ಕಿಂತ ಹೆಚ್ಚಿದೆಯೇ, ಬುಡದಲ್ಲಿ ಮರಿ ಎಷ್ಟು? ಆಷಾಢದ ಗಾಳಿಗೆ ದಂಟು ಮಲಗಿತೇ? ಹೂವಿನ ಮುಖಕ್ಕೆ ನಾನು ಕೊಡುವ ಅಂಕ ಕೊನೆಯದು. ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ: ಎಲೆಯ ಅಡಿಭಾಗವನ್ನು ಬಿಳಿ ಲೈನಿಂಗ್ ಚೂರಿನಿಂದ ಒರೆಸುತ್ತೇನೆ. ಬಟ್ಟೆಗೆ ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗ. 2000ದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡು ಅಲ್ಲಿನ ತಳಿಗಾರರನ್ನು ಕಂಗೆಡಿಸಿದ ಶಿಲೀಂಧ್ರ. ಎಲೆಯನ್ನೆಲ್ಲ ನಾಲ್ಕು ಅಂಗುಲಕ್ಕೆ ಕತ್ತರಿಸಿ ಸುಡುತ್ತೇನೆ, ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರು ಹಾಕುತ್ತೇನೆ. ಮತ್ತೆ ಮತ್ತೆ ತುಕ್ಕು ಹಿಡಿಸಿಕೊಳ್ಳುವ ಗಿಡ ಎಷ್ಟೇ ಚೆಂದವಿದ್ದರೂ ಕಿತ್ತೆಸೆಯುತ್ತೇನೆ. ಔಷಧಿ ಹೊಡೆದು ಉಳಿಸಬಹುದು, ಆದರೆ ಅದರ ಮಕ್ಕಳಿಗೂ ಹೊಡೆಯುತ್ತ ಕೂರಬೇಕಾಗುತ್ತದೆ.

38ರಲ್ಲಿ ಉಳಿದದ್ದು ಮೂರು, ಈಗ ಒಂದು: ಆ ಕೆನೆಬಣ್ಣದ್ದೇ. ದ್ರಾಕ್ಷಿಯನ್ನು ಪೂರ್ತಿ ಬಿಡಲು ಮನಸ್ಸಾಗದೆ ಓಣಿಯ ನೆರಳಿಗೆ ಸರಿಸಿದ್ದೇನೆ. ಅಲ್ಲಿ ಮೂರು ಗಂಟೆಯವರೆಗೆ ತಾಳುತ್ತದೆ. ಉಳಿದವು ಬ್ಲೌಸ್ ಒಯ್ಯಲು ಬಂದ ಗಿರಾಕಿಗಳ ಕೈಗೆ ಹೋದವು, ಬೆಕ್ಕು ಸಾಕಿದವರನ್ನು ಬಿಟ್ಟು. ಡೇಲಿಲಿಯ ಎಲೆ, ಹೂವು, ಪರಾಗ ಏನೇ ತಿಂದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಜೀವಕ್ಕೇ ಬರಬಹುದು. ಇದನ್ನು ಕೇಳಿದ ಮೇಲೆ ನಮ್ಮ ಸಸಿಗಳೆಲ್ಲ ತಾರಸಿಯ ಬಾಗಿಲಿನಾಚೆಗೆ ಹೋದವು.

ಈ ವರ್ಷ ಕೆನೆಗೆ ದ್ರಾಕ್ಷಿಯ ಪರಾಗ ಹಚ್ಚಿದ್ದೇನೆ, ನೇರಳೆ ದಾರ ಕಟ್ಟಿ. ಬಿಸಿಲಿಗೆ ನಿಲ್ಲುವ ಗಾಢ ಬಣ್ಣ ನೂರರಲ್ಲಿ ಒಂದಾದರೂ ಬರಬಹುದೆಂಬ ಆಸೆ. ಮೂರು ಕಾಯಿ ನಿಂತಿದ್ದವು, ಒಂದನ್ನು ಅಳಿಲು ಒಯ್ಯಿತು. ನಿನ್ನೆ ಸಂಜೆ ನಾನು ಫಾಲ್ಸ್ ಹೊಲಿಯುತ್ತಿದ್ದಾಗ ಅತ್ತೆ ಹೊರಗಿನಿಂದ ಕೂಗಿದರು: “ನಿನ್ನ ಝರಿ ಚೀಲದ್ದು ಬಿರಿದಿದೆ ನೋಡಮ್ಮ, ನಾನು ಮುಟ್ಟಿಲ್ಲ.” ಬಿಚ್ಚಿ ಎಣಿಸಿದೆವು. ಹನ್ನೊಂದು ಬೀಜ, ಅದರಲ್ಲಿ ಎರಡು ಜೊಳ್ಳು.