ಉಚಿತ ಇ-ಪುಸ್ತಕ: ರೈಲಿನ ಗೆಳೆಯರಿಗೆ ಓದಿಸಿದ ಅನುಭವ

ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿಬರುವವರ ವಾಟ್ಸಾಪ್ ಗುಂಪೊಂದಿದೆ. ಅದಕ್ಕೆ ಉಚಿತ ಇ-ಪುಸ್ತಕ ಹುಡುಕಿ ಕೊಡುವ ಕೆಲಸ ನನ್ನದು. ಪುಸ್ತಕ ಬೇಕು ಅಂತ ಎಲ್ಲರೂ ಕೇಳುತ್ತಾರೆ, ಇಳಿಸಿಕೊಳ್ಳುತ್ತಾರೆ. ಓದುವವರು ಮಾತ್ರ ಕಡಿಮೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೊಂದರೆ ಇರುವುದು ಫೈಲಿನಲ್ಲಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದವೂ ಅಲ್ಲಿವೆ. ಆದರೆ ಅವು ಪುಟದ ಫೋಟೋಗಳು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲಿನ ಕೊನೆ ಪರದೆಯಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಒತ್ತಕ್ಷರ ಬೇರೆ ಮಸುಕು. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರು ಎಷ್ಟು ಹೊತ್ತು ಎಳೆದಾರು? ಹಿರೇಹಳ್ಳಿ ದಾಟುವಷ್ಟರಲ್ಲಿ ರೀಲ್ಸ್ ನೋಡುತ್ತಿರುತ್ತಾರೆ.

ಅದಕ್ಕೇ ಮೊದಲು ಕನ್ನಡ ವಿಕಿಸೋರ್ಸ್ ಅನ್ನುವ ಉಚಿತ ಪುಸ್ತಕಗಳ ಜಾಲತಾಣ ನೋಡುತ್ತೇನೆ. ಅಲ್ಲಿ ಸ್ವಯಂಸೇವಕರು ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಿದ್ದಿರುತ್ತಾರೆ. ಇಪಬ್ ಅನ್ನುವ ಇ-ಪುಸ್ತಕದ ಫೈಲಾಗಿ ಇಳಿಸಿಕೊಂಡರೆ ಅಕ್ಷರ ಎಷ್ಟು ದೊಡ್ಡದಾದರೂ ಸಾಲು ತಾನೇ ಪರದೆಗೆ ಹೊಂದಿಕೊಳ್ಳುತ್ತದೆ. ಬೇಕಾದ ಪುಸ್ತಕ ಅಲ್ಲಿಲ್ಲದಿದ್ದರೆ ಸ್ಕ್ಯಾನಿನ ಕೆಲವೇ ಪುಟಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಚಿತ್ರ ಅಕ್ಷರವಾಗುತ್ತದೆ. ಒತ್ತಕ್ಷರ, ಅರ್ಕಾವೊತ್ತು ತಪ್ಪಿರುತ್ತವೆ, ಕೂತು ತಿದ್ದಬೇಕು. ಬೇಸರದ ಕೆಲಸವೇ, ಆದರೆ ಬಿಡುವ ಹಾಗಿಲ್ಲ. ತಪ್ಪು ಜಾಸ್ತಿ ಇದ್ದರೆ ಎರಡನೇ ಪುಟಕ್ಕೇ ಓದುವುದು ನಿಂತುಬಿಡುತ್ತದೆ. ತಿದ್ದಿದ ಮೇಲೆ ಡಾಕ್ಸ್‌ನಿಂದಲೇ ಇಪಬ್ ಮಾಡಿಕೊಳ್ಳಬಹುದು.

ಫೋಲ್ಡರ್ ತುಂಬ ಪುಸ್ತಕ ಕಳಿಸುವುದನ್ನು ಬಿಟ್ಟೆ. ಒಂದು ಸಲಕ್ಕೆ ಒಂದೇ ಕಥೆ ಅಥವಾ ಪ್ರಬಂಧ, ಯಶವಂತಪುರ ಬರುವಷ್ಟರಲ್ಲಿ ಮುಗಿಯಬೇಕು. ಫೈಲಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಬರೀ ಅಂಕಿ ಇದ್ದರೆ ಆಮೇಲೆ ಹುಡುಕುವವರು ಯಾರು, ಅಲ್ವಾ?

ಡಿವಿಜಿ ಪುಸ್ತಕ ಕಳಿಸಿ ಅಂತ ಕೇಳುವವರು ಬಹಳ. ನಾನು ಕಳಿಸುವುದಿಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಡಿವಿಜಿ ಹೋದದ್ದು 1975ರಲ್ಲಿ. ಅಂದರೆ 2035 ಮುಗಿಯಬೇಕು. ಅವನ್ನು ಕೊಂಡೇ ಓದಬೇಕು. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿಎಂಶ್ರೀ 1946ರಲ್ಲೇ ತೀರಿಕೊಂಡರು. ಅವರ ಬರಹ ಧೈರ್ಯವಾಗಿ ಹಂಚುತ್ತೇನೆ.

ಈಗ ಗುಂಪಿನ ಒಂದಿಬ್ಬರು ಓದುತ್ತಾ ಕಂಡ ತಪ್ಪನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಭಾನುವಾರ ಕೂತು ಫೈಲು ತಿದ್ದಿ, ಮತ್ತೆ ಗುಂಪಿಗೆ ಹಾಕುತ್ತೇನೆ.